ನೂರು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಖಾತೆ ಹ್ಯಾಕ್ ಆದಂತೆಯೇ?

‘ನಿಮ್ಮ ಖಾತೆಗೆ ಲಾಗಿನ್ ಆಗುವ ವಿಫಲ ಪ್ರಯತ್ನ ನಡೆದಿದೆ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಕೂಡಲೇ ಅದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಅಲ್ಲಿಂದ ಅದು ಇನ್ನೊಂದು ಗುಂಪಿಗೆ ಹೋಗುತ್ತದೆ. ಮೂರನೆಯ ಗುಂಪು ತಲುಪುವಷ್ಟರಲ್ಲಿ ‘ಎಲ್ಲರ ಖಾತೆಗಳೂ ಹ್ಯಾಕ್ ಆಗುತ್ತಿವೆ, ಈಗಲೇ ಈ ಲಿಂಕ್ ಒತ್ತಿ ಪಾಸ್‌ವರ್ಡ್ ಬದಲಿಸಿ’ ಎಂಬ ಬಾಲವೂ ಅದಕ್ಕೆ ಬೆಳೆದಿರುತ್ತದೆ. ನಿಜವಾದ ಅಪಾಯ ಹಲವು ಸಲ ಇರುವುದು ಮೊದಲ ಸಂದೇಶದಲ್ಲಲ್ಲ, ಈ ಬಾಲದಲ್ಲಿ.

ಹಾಗಾದರೆ ವಿಫಲ ಲಾಗಿನ್ ಎಂದರೆ ಏನು? ಅದು ಯಾರಿಂದ, ಏಕೆ ಆಗುತ್ತದೆ? ಮೂರು ಸಲ ತಪ್ಪಿದರೆ ಖಾತೆಯನ್ನು ಬೀಗ ಹಾಕಿಬಿಡುವುದೇ ಸರಿಯಾದ ಪರಿಹಾರವೇ? ಈ ಪ್ರಶ್ನೆಗಳಿಗೆ ಅರ್ಧ ಶತಮಾನದಿಂದ ಉತ್ತರ ಹುಡುಕುತ್ತಾ ಬಂದಿರುವುದು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅದರ ಅನುಭವದಿಂದ ನಮ್ಮ ಮೊಬೈಲಿಗೂ ಬೇಕಾದ ಪಾಠಗಳು ಸಿಗುತ್ತವೆ.

ಯುನಿಕ್ಸ್‌ಗೂ ನಮಗೂ ಏನು ನಂಟು?

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸಬೇಕಿದ್ದ ಕಾಲ ಅದು. ಆದ್ದರಿಂದ ‘ನೀವು ಯಾರು?’ ಎಂದು ಕೇಳುವ ಲಾಗಿನ್ ವ್ಯವಸ್ಥೆ ಅದರಲ್ಲಿ ಬೇಕೇ ಬೇಕಿತ್ತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಮಾದರಿಯಲ್ಲಿ ಬೆಳೆಯಿತು.

ಇಂದು ಅಂತರಜಾಲದ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್ ಬಳಸುತ್ತವೆ. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್ ಕರ್ನೆಲ್ಲೇ. ಐಫೋನಿನ ವ್ಯವಸ್ಥೆಯಲ್ಲಿಯೂ ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿಯ ಅಂಶಗಳಿವೆ. ಮನೆಯ ವೈಫೈ ರೂಟರ್, ಅಂಗಡಿಯ ಸಿಸಿಟಿವಿ ಪೆಟ್ಟಿಗೆ ಇವುಗಳಲ್ಲೂ ಹಲವು ಲಿನಕ್ಸ್‌ನಿಂದಲೇ ನಡೆಯುತ್ತವೆ. ಹೀಗಾಗಿ ‘ಯುನಿಕ್ಸ್ ಕಂಪ್ಯೂಟರ್ ತಜ್ಞರ ವಿಷಯ’ ಎಂದು ಪಕ್ಕಕ್ಕಿಡುವಂತಿಲ್ಲ.

ಬಾಗಿಲು ಬಡಿದವರ ದಾಖಲೆ

ಯುನಿಕ್ಸ್ ಮಾದರಿಯ ಯಂತ್ರಗಳು ಯಾರು ಯಾವಾಗ ಒಳಬಂದರು, ಯಾರಿಗೆ ಒಳಬರಲಾಗಲಿಲ್ಲ ಎಂಬುದನ್ನು ದಾಖಲಿಸಿಡುತ್ತವೆ. ಇದಕ್ಕೆ ಲಾಗ್ ಎಂದು ಹೆಸರು. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ‘ಆಥ್ ಲಾಗ್’ ಎಂಬ ಕಡತದಲ್ಲಿ, ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ‘ಸೆಕ್ಯೂರ್’ ಎಂಬ ಕಡತದಲ್ಲಿ ಇದು ಸಿಗುತ್ತದೆ. ವಿಫಲ ಪ್ರಯತ್ನಗಳಿಗೆಂದೇ ‘ಬಿಟಿಎಂಪಿ’ ಎಂಬ ಇನ್ನೊಂದು ಕಡತವಿದೆ. ಅದನ್ನು ಓದಲು ‘ಲಾಸ್ಟ್‌ಬಿ’ ಎಂಬ ಆದೇಶವಿದೆ.

ಅಂತರಜಾಲಕ್ಕೆ ತೆರೆದುಕೊಂಡ ಯಾವುದೇ ಸರ್ವರ್‌ನಲ್ಲಿ ಈ ದಾಖಲೆಯನ್ನು ಮೊದಲ ಸಲ ನೋಡುವವರು ಬೆಚ್ಚಿಬೀಳುತ್ತಾರೆ. ಪುಟಗಟ್ಟಲೆ ‘ತಪ್ಪು ಪಾಸ್‌ವರ್ಡ್’ ಎಂಬ ಸಾಲುಗಳು. ಪ್ರತಿ ಸಾಲಿನಲ್ಲೂ ದಿನ, ವೇಳೆ, ಯಾವ ಹೆಸರಿನಲ್ಲಿ ಪ್ರಯತ್ನ ನಡೆಯಿತು, ಯಾವ ಐಪಿ ವಿಳಾಸದಿಂದ ಬಂತು ಎಂಬ ವಿವರ. ರೂಟ್, ಅಡ್ಮಿನ್, ಟೆಸ್ಟ್, ಗೆಸ್ಟ್, ಉಬುಂಟು, ಒರೇಕಲ್ ಹೀಗೆ ಸಾಲು ಸಾಲು ಹೆಸರುಗಳು. ಇವುಗಳಲ್ಲಿ ಎಷ್ಟೋ ಹೆಸರಿನ ಖಾತೆಗಳು ಆ ಯಂತ್ರದಲ್ಲಿ ಇರುವುದೇ ಇಲ್ಲ.

‘ನನ್ನಂಥ ಸಣ್ಣವರ ಮೇಲೆ ಯಾರು ಕಣ್ಣಿಡುತ್ತಾರೆ?’ ಎಂಬ ಮಾತು ಇಲ್ಲಿಯೇ ಸುಳ್ಳಾಗುತ್ತದೆ. ಇಲ್ಲಿ ಯಾರೂ ನಿಮ್ಮನ್ನು ಆರಿಸಿಕೊಂಡಿರುವುದಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಇರುವುದೇ ಸುಮಾರು 429 ಕೋಟಿ. 2013ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ‘ಝೆಡ್‌ಮ್ಯಾಪ್’ ಎಂಬ ತಂತ್ರಾಂಶ ಹೊರತಂದರು. ಒಂದೇ ಕಂಪ್ಯೂಟರ್ ಮತ್ತು ವೇಗದ ಸಂಪರ್ಕ ಇದ್ದರೆ 45 ನಿಮಿಷದೊಳಗೆ ಇಡೀ ಅಂತರಜಾಲದ ಆ ವಿಳಾಸಗಳನ್ನೆಲ್ಲ ತಟ್ಟಿ ನೋಡಬಹುದು ಎಂದು ಅವರು ತೋರಿಸಿದರು. ಅಂದರೆ ಬೀದಿಯ ಪ್ರತಿ ಮನೆಯ ಚಿಲಕ ಅಲುಗಿಸುತ್ತಾ ಹೋಗುವ ಯಂತ್ರಗಳಿವು. ಮನೆ ದೊಡ್ಡದೋ ಚಿಕ್ಕದೋ ಎಂದು ಅವು ನೋಡುವುದಿಲ್ಲ, ಚಿಲಕ ಸಡಿಲವಿದೆಯೇ ಎಂದಷ್ಟೇ ನೋಡುತ್ತವೆ.

ಆದ್ದರಿಂದ ಮೊದಲ ಉತ್ತರ: ನೂರು ವಿಫಲ ಪ್ರಯತ್ನಗಳು ಕಂಡರೆ ಹ್ಯಾಕ್ ಆಗಿದೆ ಎಂದು ಅರ್ಥವಲ್ಲ. ನೂರು ಸಲವೂ ಬಾಗಿಲು ತೆರೆಯಲಿಲ್ಲ ಎಂದು ಅರ್ಥ. ನೋಡಬೇಕಾದದ್ದು ನೂರಾ ಒಂದನೆಯ ಸಾಲನ್ನು. ಅದೇ ವಿಳಾಸದಿಂದ, ಅಷ್ಟೊಂದು ಸೋಲಿನ ನಂತರ ಒಂದು ಯಶಸ್ವಿ ಲಾಗಿನ್ ಕಂಡರೆ ಅದು ಗಂಭೀರ.

ಊಹೆ ಅಷ್ಟು ಸುಲಭವೇ?

ಪಾಸ್‌ವರ್ಡ್ ಊಹಿಸುವುದು ಹೊಸ ಕಸುಬಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಪಾಸ್‌ವರ್ಡ್‌ಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅವರು ಬಳಕೆದಾರರಿಂದ ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ 2,831, ಅಂದರೆ ಶೇಕಡ 86ರಷ್ಟು, ಒಂದೋ ತೀರಾ ಚಿಕ್ಕವಾಗಿದ್ದವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವಾಗಿದ್ದವು. 15 ಮಂದಿಯ ಪಾಸ್‌ವರ್ಡ್ ಕೇವಲ ಒಂದೇ ಅಕ್ಷರದ್ದಾಗಿತ್ತು!

ಒಂಬತ್ತು ವರ್ಷಗಳ ನಂತರ, 1988ರ ನವೆಂಬರ್ 2ರಂದು, ಅದರ ಪರಿಣಾಮವನ್ನು ಇಡೀ ಅಂತರಜಾಲ ಕಂಡಿತು. ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ತಂತ್ರಾಂಶವೊಂದು ಯುನಿಕ್ಸ್ ಕಂಪ್ಯೂಟರ್‌ಗಳಿಗೆ ನುಗ್ಗಿತು. ಬೇರೆ ಕೆಲವು ದೋಷಗಳ ಜೊತೆಗೆ ಅದು ಪಾಸ್‌ವರ್ಡ್ ಊಹೆಯನ್ನೂ ಬಳಸಿಕೊಂಡಿತು. ಬಳಕೆದಾರನ ಹೆಸರನ್ನೇ ಪಾಸ್‌ವರ್ಡ್ ಆಗಿ ಹಾಕಿ ನೋಡುತ್ತಿತ್ತು, ಅದನ್ನೇ ತಿರುಗಿಸಿ ನೋಡುತ್ತಿತ್ತು, ನಂತರ ತನ್ನೊಳಗಿದ್ದ 432 ಪದಗಳ ಪಟ್ಟಿಯನ್ನು ಪ್ರಯೋಗಿಸುತ್ತಿತ್ತು. ಅದನ್ನು ಬರೆದವನು ರಾಬರ್ಟ್ ಟ್ಯಾಪನ್ ಮಾರಿಸ್ ಎಂಬ ವಿದ್ಯಾರ್ಥಿ. 1979ರ ಆ ಲೇಖನ ಬರೆದ ರಾಬರ್ಟ್ ಮಾರಿಸ್ ಅವರ ಮಗ! ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮುದಾಯ ಸೇವೆ ಮತ್ತು ದಂಡ ವಿಧಿಸಿತು.

2016ರಲ್ಲಿ ‘ಮಿರಾಯ್’ ಎಂಬ ತಂತ್ರಾಂಶ ಇದೇ ಕಥೆಯನ್ನು ಇನ್ನೂ ದೊಡ್ಡದಾಗಿ ನಡೆಸಿತು. ಸಿಸಿಟಿವಿ ಕ್ಯಾಮೆರಾ, ರೂಟರ್‌ಗಳಂತಹ ಲಿನಕ್ಸ್ ಸಾಧನಗಳಿಗೆ ಕಂಪನಿಯವರೇ ಹಾಕಿ ಕಳಿಸಿದ್ದ ಮೂಲ ಪಾಸ್‌ವರ್ಡ್‌ಗಳ ಚಿಕ್ಕ ಪಟ್ಟಿಯೊಂದು ಅದರ ಆಯುಧ. ಪಟ್ಟಿಯಲ್ಲಿದ್ದದ್ದು 60ರ ಆಸುಪಾಸಿನ ಜೋಡಿಗಳು ಮಾತ್ರ. ಅಷ್ಟರಿಂದಲೇ ಲಕ್ಷಾಂತರ ಸಾಧನಗಳು ಅದರ ಕೈವಶವಾದವು. 2016ರ ಅಕ್ಟೋಬರ್ 21ರಂದು ಅಂತಹ ಸಾಧನಗಳ ಪಡೆ ‘ಡಿನ್’ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿದಂತೆ ಹಲವು ತಾಣಗಳು ಅನೇಕರಿಗೆ ಸಿಗದೇ ಹೋದವು.

ಗಮನಿಸಿ, ಕೋಟ್ಯಂತರ ಊಹೆಗಳು ಬೇಕಾಗಲಿಲ್ಲ. ಒಂದು ಕಡೆ 432, ಇನ್ನೊಂದು ಕಡೆ 60 ಸಾಕಾಯಿತು.

ಹಾಗಾದರೆ ತಡೆಯುವುದು ಹೇಗೆ?

ಮೊದಲ ಉಪಾಯ, ತಡ ಮಾಡುವುದು. ಲಿನಕ್ಸ್‌ನಲ್ಲಿ ತಪ್ಪು ಪಾಸ್‌ವರ್ಡ್ ಕೊಟ್ಟರೆ ಉತ್ತರ ಬರಲು ಸಾಮಾನ್ಯವಾಗಿ ಎರಡು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಯಂತ್ರ ನಿಧಾನವಾಗಿದೆ ಎಂದಲ್ಲ, ಬೇಕೆಂದೇ ಕಾಯಿಸುತ್ತದೆ. ಕೈತಪ್ಪಿನಿಂದ ತಪ್ಪು ಒತ್ತಿದ ಮನುಷ್ಯನಿಗೆ ಎರಡು ಸೆಕೆಂಡ್ ಏನೂ ಅಲ್ಲ. ಸೆಕೆಂಡಿಗೆ ಸಾವಿರ ಊಹೆ ಮಾಡಬಯಸುವ ಯಂತ್ರಕ್ಕೆ ಅದು ದೊಡ್ಡ ಅಡ್ಡಿ.

ಎರಡನೆಯದು, ಮಾಹಿತಿ ಬಿಟ್ಟುಕೊಡದಿರುವುದು. ಯುನಿಕ್ಸ್ ಲಾಗಿನ್ ‘ಲಾಗಿನ್ ಸರಿಯಿಲ್ಲ’ ಎಂದಷ್ಟೇ ಹೇಳುತ್ತದೆ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಹೇಳುವುದಿಲ್ಲ. ‘ಹೆಸರು ಸರಿಯಿದೆ, ಪಾಸ್‌ವರ್ಡ್ ಮಾತ್ರ ತಪ್ಪು’ ಎಂದರೆ ಕಳ್ಳನ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ.

ಮೂರನೆಯದು, ಎಣಿಸಿ ಬೀಗ ಹಾಕುವುದು. ಲಿನಕ್ಸ್‌ನಲ್ಲಿ ಇದಕ್ಕೆ ‘ಫೇಲ್‌ಲಾಕ್’ ಎಂಬ ಭಾಗವಿದೆ. ಬದಲಾಯಿಸದೆ ಬಿಟ್ಟರೆ ಅದರ ಲೆಕ್ಕ ಹೀಗೆ: 15 ನಿಮಿಷದೊಳಗೆ ಮೂರು ಸಲ ತಪ್ಪಿದರೆ ಆ ಖಾತೆಗೆ 10 ನಿಮಿಷ ಬೀಗ. ಆ ಹತ್ತು ನಿಮಿಷದಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ.

ನಾಲ್ಕನೆಯದು, ಬಡಿಯುವವರನ್ನೇ ದೂರವಿಡುವುದು. ‘ಫೇಲ್‌ಟುಬ್ಯಾನ್’ ಎಂಬ ಉಚಿತ ತಂತ್ರಾಂಶ ಲಾಗ್ ಕಡತವನ್ನು ಓದುತ್ತಾ ಕೂರುತ್ತದೆ. ಒಂದೇ ಐಪಿ ವಿಳಾಸದಿಂದ 10 ನಿಮಿಷದಲ್ಲಿ ಐದು ಸಲ ತಪ್ಪು ಪಾಸ್‌ವರ್ಡ್ ಬಂದರೆ, ಆ ವಿಳಾಸವನ್ನು ಸ್ವಲ್ಪ ಹೊತ್ತು ಒಳಗೇ ಬಿಡದಂತೆ ಗೋಡೆ ಎಬ್ಬಿಸುತ್ತದೆ. ಇಲ್ಲಿ ಖಾತೆಗೆ ಬೀಗವಿಲ್ಲ, ಬಡಿದವರಿಗೆ ಮಾತ್ರ ತಡೆ. ದೂರದಿಂದ ಲಾಗಿನ್ ಆಗಲು ಎಲ್ಲರೂ ಬಳಸುವ ಓಪನ್ ಎಸ್‌ಎಸ್‌ಎಚ್ ತಂತ್ರಾಂಶವೂ 2024ರ ಜುಲೈನಲ್ಲಿ ಬಂದ 9.8ನೇ ಆವೃತ್ತಿಯಿಂದ ಇಂಥದ್ದೇ ಶಿಕ್ಷೆಯ ಏರ್ಪಾಟನ್ನು ತನ್ನೊಳಗೇ ಇಟ್ಟುಕೊಂಡಿದೆ.

ಐದನೆಯದು, ಪಾಸ್‌ವರ್ಡನ್ನೇ ಕೈಬಿಡುವುದು. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಬದಲು ಒಂದು ಜೋಡಿ ಡಿಜಿಟಲ್ ಕೀಲಿಗಳನ್ನು ಬಳಸಬಹುದು. ಒಂದು ಕೀಲಿ ಸರ್ವರ್‌ನಲ್ಲಿ, ಗುಟ್ಟಿನ ಕೀಲಿ ನಿಮ್ಮ ಬಳಿ. ಗುಟ್ಟಿನ ಕೀಲಿ ನಿಮ್ಮ ಯಂತ್ರ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಇದು ಊಹಿಸಿ ಸಿಗುವ ವಸ್ತುವಲ್ಲ. ಪಾಸ್‌ವರ್ಡ್ ಲಾಗಿನ್ ಪೂರ್ತಿ ಮುಚ್ಚಿದ ಸರ್ವರ್‌ಗೆ ದಿನಕ್ಕೆ ಹತ್ತು ಸಾವಿರ ಊಹೆ ಬಂದರೂ ಅದು ಬರೀ ಗದ್ದಲ. ಈಗ ಮೊಬೈಲ್‌ಗಳಲ್ಲಿ ‘ಪಾಸ್‌ಕೀ’ ಎಂಬ ಹೆಸರಿನಲ್ಲಿ ಬರುತ್ತಿರುವುದೂ ಇದೇ ಜಾಡಿನ ವ್ಯವಸ್ಥೆ.

ಲೆಕ್ಕ ಹಾಕಿ ನೋಡೋಣ

ಮೂರು ಸಲಕ್ಕೆ ಹತ್ತು ನಿಮಿಷ ಬೀಗ ಎಂದರೆ ಗಂಟೆಗೆ 18, ದಿನಕ್ಕೆ ಹೆಚ್ಚೆಂದರೆ ಸುಮಾರು 432 ಊಹೆಗಳು. ಎಂಟು ಇಂಗ್ಲಿಷ್ ಸಣ್ಣಕ್ಷರಗಳನ್ನು ಬೇಕಾಬಿಟ್ಟಿಯಾಗಿ ಜೋಡಿಸಿದರೆ ಸುಮಾರು 20,882 ಕೋಟಿ ಬಗೆಯ ಪಾಸ್‌ವರ್ಡ್‌ಗಳಾಗುತ್ತವೆ. ದಿನಕ್ಕೆ 432ರಂತೆ ಎಲ್ಲವನ್ನೂ ಪ್ರಯತ್ನಿಸಲು 13 ಲಕ್ಷ ವರ್ಷ ಬೇಕು. ಬೀಗ ಭರ್ಜರಿಯಾಗಿಯೇ ಕೆಲಸ ಮಾಡುತ್ತದೆ ಎನ್ನಿಸುತ್ತದೆ, ಅಲ್ಲವೇ?

ಆದರೆ 1988ರ ಆ ತಂತ್ರಾಂಶದ ಪಟ್ಟಿಯಲ್ಲಿದ್ದ ಪದಗಳೆಷ್ಟು ನೆನಪಿಸಿಕೊಳ್ಳಿ. 432! ನಿಮ್ಮ ಪಾಸ್‌ವರ್ಡ್ ಅಂಥ ಪಟ್ಟಿಯಲ್ಲಿ ಇರುವಂಥದ್ದಾದರೆ ಬೀಗವಿದ್ದರೂ ಒಂದೇ ದಿನದಲ್ಲಿ ಸಿಕ್ಕಿಬೀಳುತ್ತದೆ. ಬೀಗವು ಒಳ್ಳೆಯ ಪಾಸ್‌ವರ್ಡಿಗೆ ಕಾವಲು ನಿಲ್ಲಬಲ್ಲದು, ಕೆಟ್ಟ ಪಾಸ್‌ವರ್ಡನ್ನು ಒಳ್ಳೆಯದಾಗಿಸಲಾರದು.

ನಾಲ್ಕಂಕಿಯ ಪಿನ್‌ಗೂ ಇದೇ ಮಾತು ಅನ್ವಯ. 0000ದಿಂದ 9999ರವರೆಗೆ ಇರುವುದು 10,000 ಸಂಖ್ಯೆಗಳು. ಮೂರೇ ಅವಕಾಶ ಕೊಟ್ಟರೆ ಕಣ್ಣುಮುಚ್ಚಿ ಊಹಿಸಿದವರಿಗೆ ಸಿಗುವ ಸಾಧ್ಯತೆ ಹತ್ತು ಸಾವಿರಕ್ಕೆ ಮೂರು. ಆದರೆ ಊಹಿಸುವವರು ಕಣ್ಣು ಮುಚ್ಚಿರುವುದಿಲ್ಲ. ಸೋರಿಕೆಯಾದ ಪಾಸ್‌ವರ್ಡ್ ಪಟ್ಟಿಗಳಿಂದ ಸುಮಾರು 34 ಲಕ್ಷ ನಾಲ್ಕಂಕಿ ಸಂಖ್ಯೆಗಳನ್ನು ತೆಗೆದು 2012ರಲ್ಲಿ ನಡೆಸಿದ ವಿಶ್ಲೇಷಣೆಯೊಂದರಲ್ಲಿ ಶೇಕಡ 11ರ ಹತ್ತಿರ ಇದ್ದದ್ದು ಒಂದೇ ಸಂಖ್ಯೆ: 1234.

ಇನ್ನೊಂದು ಸಂಗತಿಯೂ ಇದೆ. ಎಣಿಕೆ, ಬೀಗ, ತಡ ಇವೆಲ್ಲ ಬಾಗಿಲಿನಿಂದ ಬರುವವರಿಗೆ ಮಾತ್ರ. ಪಾಸ್‌ವರ್ಡ್‌ಗಳ ಕಡತವನ್ನೇ ಯಾರಾದರೂ ಕದ್ದೊಯ್ದರೆ ಅವರು ತಮ್ಮ ಯಂತ್ರದಲ್ಲಿ ಕೂತು ಎಷ್ಟು ಸಲ ಬೇಕಾದರೂ ಊಹಿಸಬಹುದು. ಅಲ್ಲಿ ಎಣಿಸುವವರಿಲ್ಲ. ಸೆಕೆಂಡಿಗೆ ಹತ್ತು ಲಕ್ಷ ಊಹೆ ಎಂದುಕೊಂಡರೂ ಆ 20,882 ಕೋಟಿ ಮುಗಿಯಲು ಎರಡೂವರೆ ದಿನ ಸಾಕು. ಇದನ್ನು ಯೋಚಿಸಿಯೇ ಯುನಿಕ್ಸ್ ಪಾಸ್‌ವರ್ಡನ್ನು ಇದ್ದ ಹಾಗೆಯೇ ಇಡುವುದಿಲ್ಲ. ಹಿಂದಕ್ಕೆ ತಿರುಗಿಸಲಾಗದಂತೆ ಕಲಸಿ ಇಡುತ್ತದೆ. ಕಲಸುವ ಮುನ್ನ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ‘ಉಪ್ಪು’ ಬೆರೆಸುತ್ತದೆ. ಇದರಿಂದ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಕಡತದಲ್ಲಿ ಬೇರೆಯಾಗಿಯೇ ಕಾಣುತ್ತವೆ. ಈ ಉಪ್ಪಿನ ಉಪಾಯವನ್ನು ವಿವರಿಸಿದ್ದೂ 1979ರ ಅದೇ ಲೇಖನ.

‘ಮೂರು ತಪ್ಪಿದರೆ ಶಾಶ್ವತ ಬೀಗ’ ಏಕೆ ಒಳ್ಳೆಯದಲ್ಲ?

ಕೇಳಲು ಕಟ್ಟುನಿಟ್ಟಾಗಿ, ಸುರಕ್ಷಿತವಾಗಿ ಕಾಣುತ್ತದೆ. ಆದರೆ ಒಂದು ಕ್ಷಣ ಯೋಚಿಸಿ. ನಿಮ್ಮ ಯೂಸರ್‌ನೇಮ್ ಗೊತ್ತಿರುವ ಯಾರು ಬೇಕಾದರೂ ಮೂರು ಸಲ ಬೇಕೆಂದೇ ತಪ್ಪು ಪಾಸ್‌ವರ್ಡ್ ಒತ್ತಿ ನಿಮ್ಮನ್ನು ಹೊರಗಿಡಬಹುದು. ಅವರು ಒಳಗೆ ಹೋಗಬೇಕಿಲ್ಲ, ನಿಮ್ಮ ಕೆಲಸ ನಿಲ್ಲಿಸಿದರೆ ಅವರಿಗೆ ಸಾಕು. ಅರ್ಜಿ ಸಲ್ಲಿಸುವ ಕೊನೆಯ ದಿನ ಸಿಟ್ಟಿನ ಸಹಪಾಠಿಯೊಬ್ಬ ಇದನ್ನು ಮಾಡಿದರೆ? ಸಂಬಳ ಹಾಕುವ ದಿನ ಕಚೇರಿಯ ಲೆಕ್ಕಪತ್ರದ ಖಾತೆಗೆ ಯಾರೋ ಹೀಗೆ ಮಾಡಿದರೆ? ಕಾವಲಿಗೆಂದು ಇಟ್ಟ ಬೀಗವೇ ಕಳ್ಳನ ಕೈಯ ಆಯುಧವಾಗುತ್ತದೆ.

ಈ ಕಾರಣದಿಂದಲೇ ಫೇಲ್‌ಲಾಕ್ ತಾನಾಗಿಯೇ ರೂಟ್ ಖಾತೆಗೆ, ಅಂದರೆ ಯಂತ್ರದ ಯಜಮಾನ ಖಾತೆಗೆ, ಬೀಗ ಹಾಕುವುದಿಲ್ಲ. ಬೇಕೆಂದು ಸೂಚಿಸಿದರೆ ಮಾತ್ರ ಹಾಕುತ್ತದೆ. ಎಲ್ಲ ಖಾತೆಗೂ ಶಾಶ್ವತ ಬೀಗ ಬಿದ್ದರೆ ಅದನ್ನು ತೆಗೆಯಲು ಒಳಹೋಗುವವರಾರು?

ಹಾಗೆಂದು ಐಪಿ ವಿಳಾಸವನ್ನು ತಡೆಯುವುದಕ್ಕೂ ಮಿತಿಯಿದೆ. ಮೊಬೈಲ್ ಕಂಪನಿಗಳು ಹಲವು ಗ್ರಾಹಕರನ್ನು ಒಂದೇ ಹಳೆಯ ಮಾದರಿಯ ಐಪಿ ವಿಳಾಸದ ಹಿಂದೆ ಕೂರಿಸುವುದುಂಟು. ಕಾಲೇಜು, ಹಾಸ್ಟೆಲ್, ಕಚೇರಿಗಳ ವೈಫೈಯೂ ಹಾಗೆಯೇ. ಒಬ್ಬ ತಪ್ಪು ಮಾಡಿದರೆ ಅದೇ ವಿಳಾಸದ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ಆದ್ದರಿಂದಲೇ ತಡೆ ಕೆಲವು ನಿಮಿಷಗಳದ್ದಾಗಿರುತ್ತದೆ, ಮತ್ತೆ ಮತ್ತೆ ತಪ್ಪಿದರೆ ಹೆಚ್ಚುತ್ತಾ ಹೋಗುವಂತೆ ಮಾಡಿರುತ್ತಾರೆ.

ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಕುತೂಹಲಕರ. ಒಂದು ಖಾತೆಯ ಮೇಲೆ ಸತತವಾಗಿ ಆಗಬಹುದಾದ ತಪ್ಪುಗಳಿಗೆ ಅದು ಕೊಟ್ಟ ಗರಿಷ್ಠ ಮಿತಿ 100. ಅದರ ಜೊತೆಗೆ ಕಾಯಿಸುವ ಹೊತ್ತನ್ನು ಹೆಚ್ಚಿಸುತ್ತಾ ಹೋಗುವಂತಹ ಉಪಾಯಗಳನ್ನೂ ಸೂಚಿಸಿತು. ಅದೇ ಮಾರ್ಗಸೂಚಿ ಇನ್ನೊಂದು ಹಳೆಯ ನಂಬಿಕೆಯನ್ನೂ ಕೈಬಿಟ್ಟಿತು. ಕಾರಣವಿಲ್ಲದೆ ಇಷ್ಟು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಜನರನ್ನು ಒತ್ತಾಯಿಸಬಾರದು, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು ಎಂದಿತು. ತಿಂಗಳಿಗೊಮ್ಮೆ ಬದಲಿಸಬೇಕಾದವರು ಕೊನೆಯ ಅಂಕಿಯನ್ನಷ್ಟೇ ಒಂದೊಂದಾಗಿ ಏರಿಸುತ್ತಾ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಬುದ್ಧಿವಂತ ಕಳ್ಳರು ಎಣಿಕೆಗೆ ಸಿಗುವುದಿಲ್ಲ

ಒಂದು ಖಾತೆಯ ಮೇಲೆ ಸಾವಿರ ಪಾಸ್‌ವರ್ಡ್ ಪ್ರಯೋಗಿಸಿದರೆ ಬೀಗ ಬೀಳುತ್ತದೆ. ಹಾಗಾಗಿ ದಾಳಿಕೋರರು ಲೆಕ್ಕವನ್ನೇ ತಿರುವುಹಾಕಿದರು. ಒಂದೇ ಪಾಸ್‌ವರ್ಡನ್ನು ಸಾವಿರ ಖಾತೆಗಳ ಮೇಲೆ ಒಂದೊಂದೇ ಸಲ ಪ್ರಯೋಗಿಸುತ್ತಾರೆ. ಪ್ರತಿ ಖಾತೆಯ ಲೆಕ್ಕದಲ್ಲೂ ‘ಒಂದು ತಪ್ಪು’ ಎಂದಷ್ಟೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸಾವಿರದಲ್ಲಿ ಯಾರೋ ಒಬ್ಬರು ಆ ಸುಲಭದ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಬಾಗಿಲು ತೆರೆಯಿತು. ಇನ್ನು ಕೆಲವರು ನೂರಾರು ಐಪಿ ವಿಳಾಸಗಳಿಂದ ನಿಧಾನವಾಗಿ, ಗಂಟೆಗೊಂದರಂತೆ ಬಡಿಯುತ್ತಾರೆ. ಆಗ ಫೇಲ್‌ಟುಬ್ಯಾನ್‌ನ ಎಣಿಕೆಗೂ ಸಿಗುವುದಿಲ್ಲ.

ಮೂರನೆಯ ಬಗೆ ನಮ್ಮ ನಿಮ್ಮಂಥವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಯಾವುದೋ ಒಂದು ತಾಣದಿಂದ ಸೋರಿಕೆಯಾದ ಇಮೇಲ್ ಮತ್ತು ಪಾಸ್‌ವರ್ಡನ್ನು ಬೇರೆ ತಾಣಗಳಲ್ಲಿ ಹಾಕಿ ನೋಡುವುದು. ಇದರಲ್ಲಿ ಊಹೆಯೇ ಇಲ್ಲ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟವರ ಖಾತೆ ಮೊದಲ ಪ್ರಯತ್ನದಲ್ಲೇ ತೆರೆಯುತ್ತದೆ, ವಿಫಲ ಪ್ರಯತ್ನದ ಎಚ್ಚರಿಕೆಯೂ ಬರುವುದಿಲ್ಲ. ಅಂದರೆ ಎಚ್ಚರಿಕೆ ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ತಿಳಿಯುವುದೂ ತಪ್ಪೇ.

ಲಾಗ್‌ನಲ್ಲಿ ಇನ್ನೊಂದು ಅಪಾಯ

ಅವಸರದಲ್ಲಿ ನಾವು ಹೆಸರು ಕೇಳುವ ಜಾಗದಲ್ಲಿಯೇ ಪಾಸ್‌ವರ್ಡ್ ಒತ್ತಿಬಿಡುವುದುಂಟು. ವಿಫಲ ಪ್ರಯತ್ನಗಳಲ್ಲಿ ಬಂದ ಎಲ್ಲ ಹೆಸರುಗಳನ್ನೂ ಯಂತ್ರ ಹಾಗೆಯೇ ಬರೆದಿಟ್ಟರೆ, ದಾಖಲೆಯಲ್ಲಿ ನಮ್ಮ ಪಾಸ್‌ವರ್ಡೇ ಅಚ್ಚಾಗಿ ಕೂತಿರುತ್ತದೆ. ಅದರ ಮುಂದಿನ ಸಾಲಿನಲ್ಲಿ ನಮ್ಮ ಸರಿಯಾದ ಹೆಸರಿನ ಯಶಸ್ವಿ ಲಾಗಿನ್ ಕೂಡ ಇರುತ್ತದೆ! ಈ ಕಾರಣಕ್ಕೆ ಲಿನಕ್ಸ್‌ನ ಲಾಗಿನ್ ತಂತ್ರಾಂಶದಲ್ಲಿ ಪರಿಚಯವಿಲ್ಲದ ಹೆಸರುಗಳನ್ನು ದಾಖಲಿಸದಿರುವ ಆಯ್ಕೆ ಇದೆ. ವಿಫಲ ಪ್ರಯತ್ನಗಳ ಕಡತವನ್ನು ಎಲ್ಲರೂ ಓದದಂತೆ ಇಡುವುದೂ ಇದಕ್ಕಾಗಿಯೇ. ನಿಮಗೆ ಹೀಗೆ ಆಗಿದ್ದರೆ ಆ ಪಾಸ್‌ವರ್ಡ್ ಬದಲಿಸುವುದು ಜಾಣತನ.

ಹಾಗಿದ್ದರೂ ಈ ದಾಖಲೆಗಳು ಬೇಕೇ ಬೇಕು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಯುನಿಕ್ಸ್ ಯಂತ್ರದ ಲೆಕ್ಕದಲ್ಲಿ ಬಂದ 75 ಸೆಂಟ್‌ಗಳ ವ್ಯತ್ಯಾಸದ ಬೆನ್ನು ಹತ್ತಿದರು. ಅದು ಕೊನೆಗೆ ಜರ್ಮನಿಯಲ್ಲಿ ಕೂತು ಅಮೆರಿಕದ ಸೇನಾ ಕಂಪ್ಯೂಟರ್‌ಗಳನ್ನು ತಡಕುತ್ತಿದ್ದ ಒಬ್ಬ ವ್ಯಕ್ತಿಯ ತನಕ ತಲುಪಿತು. ಆತ ಎಷ್ಟೋ ಕಡೆ ಒಳಹೊಕ್ಕಿದ್ದು ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿಯೇ. ದಾಖಲೆ ಇಟ್ಟಿದ್ದರಿಂದ ಜಾಡು ಸಿಕ್ಕಿತು. ಭಾರತದಲ್ಲೂ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು ಎಂದು ಹೇಳಿದೆ.

ಫಾರ್ವರ್ಡ್‌ಗಳಲ್ಲಿ ಓಡಾಡುವ ಕೆಲವು ಮಾತುಗಳು

ಎಟಿಎಂನಲ್ಲಿ ಪಿನ್ ಉಲ್ಟಾ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ: ಸುಳ್ಳು. ಇಂಥ ಒಂದು ಕಲ್ಪನೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಕೊಟ್ಟ ವರದಿಯ ಪ್ರಕಾರ ಅದನ್ನು ಯಾವ ಎಟಿಎಂನಲ್ಲೂ ಅಳವಡಿಸಿರಲಿಲ್ಲ. 2332, 5555 ಇಂಥ ಪಿನ್‌ಗಳನ್ನು ತಿರುಗಿಸಿದರೂ ಅದೇ ಸಂಖ್ಯೆ ಬರುತ್ತದೆ, ಆಗ ಯಂತ್ರ ಏನೆಂದು ತಿಳಿಯಬೇಕು? ಉಲ್ಟಾ ಒತ್ತಿದ ಪಿನ್ ಯಂತ್ರಕ್ಕೆ ಇನ್ನೊಂದು ತಪ್ಪು ಪಿನ್ ಮಾತ್ರ. ಅಪಾಯದ ಹೊತ್ತಿನಲ್ಲಿ ಇದನ್ನು ನಂಬಿ ಕೂತರೆ ನಿಮ್ಮ ಅವಕಾಶಗಳು ಮುಗಿದು ಕಾರ್ಡ್ ಬ್ಲಾಕ್ ಆಗಬಹುದು.

ಕೇಳದೆ ಒಟಿಪಿ ಬಂದರೆ ಫೋನ್ ಹ್ಯಾಕ್ ಆಗಿದೆ: ಹಾಗೆಂದು ಹೇಳಲಾಗದು. ಫೋನ್ ನಂಬರ್ ಮತ್ತು ಒಟಿಪಿಯಿಂದಲೇ ಲಾಗಿನ್ ಆಗುವ ಆ್ಯಪ್‌ಗಳಲ್ಲಿ ಯಾರೋ ನಿಮ್ಮ ನಂಬರ್ ಒತ್ತಿದ್ದಾರೆ ಎಂದಷ್ಟೇ ಅರ್ಥ. ಬಹಳ ಸಲ ಅದು ಒಂದಂಕಿ ಹೆಚ್ಚುಕಮ್ಮಿಯಾದ ಕೈತಪ್ಪು. ಆದರೆ ಮೊದಲು ಪಾಸ್‌ವರ್ಡ್ ಕೇಳಿ, ಅದು ಸರಿಯಾದ ಮೇಲಷ್ಟೇ ಒಟಿಪಿ ಕಳಿಸುವ ಖಾತೆಯಿಂದ ಬಂದರೆ ಎಚ್ಚರ. ನಿಮ್ಮ ಪಾಸ್‌ವರ್ಡ್ ಯಾರಿಗೋ ಗೊತ್ತಾಗಿರುವ ಸಾಧ್ಯತೆ ಇದೆ. ಯಾವ ಸಂದರ್ಭದಲ್ಲೂ ಒಟಿಪಿಯನ್ನು ಯಾರಿಗೂ ಹೇಳಬಾರದು.

ಸಿಮ್ ಪಿನ್ ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು: ತಪ್ಪು. ಮೂರು ಸಲ ತಪ್ಪಿದರೆ ಪಿಯುಕೆ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಬಳಕೆಗೆ ಬರುವುದಿಲ್ಲ, ಹೊಸದನ್ನೇ ಪಡೆಯಬೇಕು. ಶಾಶ್ವತ ಬೀಗ ಹೇಗಿರುತ್ತದೆ ಎಂಬುದಕ್ಕೆ ಇದು ನಿಮ್ಮ ಜೇಬಿನಲ್ಲೇ ಇರುವ ಉದಾಹರಣೆ. ಆದರೆ ಇಲ್ಲಿ ಸಿಮ್ ಕೈಯಲ್ಲಿದ್ದವರು ಮಾತ್ರ ತಪ್ಪು ಒತ್ತಬಲ್ಲರು, ದೂರದಲ್ಲಿ ಕೂತವರಿಗೆ ಸಾಧ್ಯವಿಲ್ಲ. ಅದಕ್ಕೇ ಇಲ್ಲಿ ಅಂಥ ಬೀಗ ನಡೆಯುತ್ತದೆ.

ಎಚ್ಚರಿಕೆ ಬಂದಾಗ ಏನು ಮಾಡಬೇಕು?

ಮೊದಲು, ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ. ಎಚ್ಚರಿಕೆ ಅಸಲಿಯೇ ಆಗಿದ್ದರೂ ನೀವೇ ಆ್ಯಪ್ ತೆರೆದು ಅಥವಾ ವಿಳಾಸ ಟೈಪ್ ಮಾಡಿ ಒಳಹೋಗಿ. ಭಯ ಹುಟ್ಟಿಸಿ ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಳ್ಳುವುದು ಊಹಿಸುವುದಕ್ಕಿಂತ ಎಷ್ಟೋ ಸುಲಭದ ದಾರಿ.

ಆಮೇಲೆ ಖಾತೆಯ ಭದ್ರತಾ ವಿಭಾಗದಲ್ಲಿ ಎಲ್ಲೆಲ್ಲಿಂದ ಲಾಗಿನ್ ಆಗಿದೆ ಎಂಬ ಪಟ್ಟಿ ನೋಡಿ. ಯುನಿಕ್ಸ್ ಲಾಗ್‌ನ ಮೊಬೈಲ್ ರೂಪ ಅದು. ಗುರುತಿಲ್ಲದ ಸಾಧನ ಒಳಗಿದ್ದರೆ ಅದನ್ನು ಹೊರಹಾಕಿ, ಪಾಸ್‌ವರ್ಡ್ ಬದಲಿಸಿ. ಬರೀ ವಿಫಲ ಪ್ರಯತ್ನಗಳಿದ್ದು, ನಿಮ್ಮ ಪಾಸ್‌ವರ್ಡ್ ಉದ್ದವಾಗಿ, ಆ ಖಾತೆಗೆ ಮಾತ್ರ ಬಳಸಿದ್ದಾಗಿದ್ದರೆ ಗಾಬರಿಯಾಗುವ ಅಗತ್ಯವಿಲ್ಲ. ಎರಡನೆಯ ಹಂತದ ಪರಿಶೀಲನೆ ಇನ್ನೂ ಹಾಕಿಲ್ಲದಿದ್ದರೆ ಈಗ ಹಾಕಿ. ಮನೆಯ ರೂಟರ್ ಮತ್ತು ಕ್ಯಾಮೆರಾಗಳ ಮೂಲ ಪಾಸ್‌ವರ್ಡನ್ನೂ ಮರೆಯದೆ ಬದಲಿಸಿ.

ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇರೆಯವರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ.

ಕೊನೆಯದಾಗಿ, ಸ್ಕ್ರೀನ್‌ಶಾಟ್ ಹಂಚುವ ಮುನ್ನ ಒಂದು ಮಾತು. ಅದರಲ್ಲಿ ನಿಮ್ಮ ಇಮೇಲ್, ಫೋನ್ ನಂಬರ್, ಕೆಲವೊಮ್ಮೆ ಒಟಿಪಿ ಕೂಡ ಇರುತ್ತದೆ. ಊಹಿಸುವವರಿಗೆ ಬೇಕಾದ ಅರ್ಧ ಮಾಹಿತಿ ಅದು. ‘ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ’ ಎಂದು ಕೂಡ ಬಾಯಿಬಿಡದ ಯಂತ್ರದಿಂದ ನಾವು ಕಲಿಯಬೇಕಾದದ್ದೂ ಇಷ್ಟೇ: ಅಗತ್ಯವಿಲ್ಲದ ಕಡೆ ಏನನ್ನೂ ಹೇಳಬಾರದು.